ಸವ್ರಣ ಅಸ್ಥಿಭಂಗದ ಚಿಕಿತ್ಸೆ: ಸುಶ್ರುತನಿಂದ ತಾಲ್ಲೂಕು ಆಸ್ಪತ್ರೆಯವರೆಗೆ

ಬೆಂಗಳೂರಿನಿಂದ ಹೈದರಾಬಾದಿಗೆ ಸಾಗುವ ಹೆದ್ದಾರಿ ಚಿಕ್ಕಬಳ್ಳಾಪುರವನ್ನು ಹಾದುಹೋಗುವುದರಿಂದಲೂ, ಸುತ್ತಣ ಬೆಟ್ಟಗಳಲ್ಲಿ ಕಲ್ಲುಗಣಿಗಳಿರುವುದರಿಂದಲೂ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೂ ಚಿಂತಾಮಣಿಯ ಮಂಡಿಗಳಿಗೂ ವಾಹನಗಳು ಎಡೆಬಿಡದೆ ಸಂಚರಿಸುವುದರಿಂದಲೂ, ಚರ್ಮ ಹರಿದು ಮೂಳೆ ಹೊರಗೆ ಕಾಣುವ ಗಾಯವು ಈ ಸೀಮೆಯ ವೈದ್ಯರಿಗೆ ಅಪರಿಚಿತವಾದುದಲ್ಲ. ಚರ್ಮದೊಳಗೇ ಮುರಿದ ಮೂಳೆಯನ್ನು ಕೂಡಿಸುವುದು ಬಹುಮಟ್ಟಿಗೆ ಪ್ರಕೃತಿಯ ಕಾರ್ಯ. ಮಣ್ಣು ಸೋಕಿದ ಮೂಳೆಯಾದರೋ ಕೀವುಗಟ್ಟಿ, ಅಂಗವನ್ನೂ ಕೆಲವೊಮ್ಮೆ ಪ್ರಾಣವನ್ನೂ ಅಪಹರಿಸುವುದುಂಟು. ಈ ಭೇದವನ್ನು ವೈದ್ಯಶಾಸ್ತ್ರವು ಹಂತಹಂತವಾಗಿ ಅರಿತ ಬಗೆಯನ್ನೂ, ಸಾಧನಸಂಪತ್ತು ಸಾಲದ ಆಸ್ಪತ್ರೆಗೆ ಆ ಅರಿವಿನಿಂದ ಒದಗುವ ಪ್ರಯೋಜನವನ್ನೂ ಇಲ್ಲಿ ಪರಿಶೀಲಿಸಬಹುದು.

ಸುಶ್ರುತಸಂಹಿತೆಯು ವ್ರಣಸಹಿತವಾದ ಭಗ್ನವನ್ನು ಪ್ರತ್ಯೇಕವಾಗಿ ಗಣಿಸಿ, ಮೊದಲು ತುಪ್ಪ ಜೇನುಗಳಿಂದಲೂ ಕಷಾಯದ್ರವ್ಯಗಳಿಂದಲೂ ವ್ರಣವನ್ನು ಉಪಚರಿಸಿ, ಉಳಿದುದನ್ನು ಸಾಮಾನ್ಯ ಭಗ್ನದಂತೆ ನಡೆಸಬೇಕೆಂದು ವಿಧಿಸಿತು. ಆಲ, ಅತ್ತಿ, ಬಿದಿರುಗಳ ಚಕ್ಕೆಯಿಟ್ಟು ಕಟ್ಟುವ ಕ್ರಮವೂ ಅಲ್ಲುಂಟು. ಕಾಲಾಂತರದಲ್ಲಿ ಕಟ್ಟುವ ವಿದ್ಯೆ ಜನಪದದಲ್ಲಿ ಉಳಿಯಿತು. ತೆಲುಗನ್ನೂ ಕನ್ನಡವನ್ನೂ ಆಡುವ ಚಿಂತಾಮಣಿ, ಗೌರಿಬಿದನೂರು ಸೀಮೆಗಳಲ್ಲಿ ಗಡಿಯಾಚೆಯ ಆಂಧ್ರದ ಪುತ್ತೂರು ಕಟ್ಟಿನ ಹೆಸರನ್ನು ಕೇಳದವರು ವಿರಳ. ಚರ್ಮ ಹರಿಯದ ಮುರಿತಕ್ಕೆ ಇಂಥ ಕಟ್ಟು ಅನೇಕ ವೇಳೆ ಒದಗಿತಾದರೂ, ತೊಳೆಯದ ಗಾಯದ ಮೇಲೆ ಅದನ್ನು ಬಿಗಿದರೆ ಕೊಳೆ ಒಳಗೇ ನಿಲ್ಲುವುದಲ್ಲದೆ ರಕ್ತಸಂಚಾರಕ್ಕೂ ತಡೆಯಾಗಿ ಅಂಗವೇ ಕೊಳೆಯುವ ಸಂಭವವುಂಟು.

ಯೂರೋಪಿನಲ್ಲಿಯೂ ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಇಂಥ ಗಾಯಕ್ಕೆ ಅಂಗಚ್ಛೇದನವೇ ರೂಢಿಯಾಗಿದ್ದಿತು. 1865ರ ಆಗಸ್ಟ್ ತಿಂಗಳಿನಲ್ಲಿ, ಗ್ಲಾಸ್ಗೋ ನಗರದಲ್ಲಿ ಗಾಡಿಯ ಚಕ್ರಕ್ಕೆ ಸಿಕ್ಕಿ ಕಾಲು ಮುರಿದುಕೊಂಡ 11 ವರ್ಷದ ಬಾಲಕನ ಗಾಯಕ್ಕೆ ಜೋಸೆಫ್ ಲಿಸ್ಟರನು ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿದ ಬಟ್ಟೆಯನ್ನಿಟ್ಟು, ಕೀವಾಗದೆ ಮೂಳೆ ಕೂಡಿದುದನ್ನು ಕಂಡನು. 1867ರಲ್ಲಿ ಪ್ರಕಟವಾದ ಆತನ ಬರಹವು ಶಸ್ತ್ರವೈದ್ಯದ ದಿಕ್ಕನ್ನೇ ಬದಲಿಸಿತು. ಆ ಹೊಸ ಶಸ್ತ್ರವೈದ್ಯಕ್ಕೆ ನೆಲೆಯಾಗಿ ಮೈಸೂರು ಸಂಸ್ಥಾನದಲ್ಲಿ 1900ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು; ಮುಂದೆ ಚಿಕ್ಕಬಳ್ಳಾಪುರದಲ್ಲಿಯೂ ಲಂಡನ್ ಮಿಷನ್ನಿನ ಆಸ್ಪತ್ರೆ ನೆಲೆಗೊಂಡಿತು.

ಮುಂದಣ ಪಾಠಗಳು ಯುದ್ಧಭೂಮಿಯಿಂದ ಬಂದವು. ಮೊದಲನೆಯ ಮಹಾಯುದ್ಧದಲ್ಲಿ ಥಾಮಸ್ ಸ್ಪ್ಲಿಂಟೆಂಬ ಸರಳ ಕಬ್ಬಿಣದ ಚೌಕಟ್ಟು ತೊಡೆಯ ಮೂಳೆ ಮುರಿದ ಸೈನಿಕರ ಮರಣವನ್ನು ಬಹುವಾಗಿ ತಗ್ಗಿಸಿತು. ಸ್ಪೇನಿನ ಅಂತರ್ಯುದ್ಧದಲ್ಲಿ ಬಾರ್ಸಿಲೋನದ ಜೋಸೆಪ್ ಟ್ರುವೇಟ, ಗಾಯವನ್ನು ತೊಳೆದು, ಸತ್ತ ಮಾಂಸವನ್ನು ಕತ್ತರಿಸಿ ತೆಗೆದು, ಸ್ರಾವಕ್ಕೆ ದಾರಿಮಾಡಿ, ಅಂಗವನ್ನು ಪ್ಲಾಸ್ಟರಿನಲ್ಲಿ ನಿಶ್ಚಲಗೊಳಿಸುವ ಕ್ರಮದಿಂದ 1,073 ಮಂದಿಗೆ ಚಿಕಿತ್ಸೆಮಾಡಿ, ಅವರಲ್ಲಿ ಆರು ಮಂದಿಯನ್ನು ಮಾತ್ರ ಕಳೆದುಕೊಂಡನು. ಪೆನಿಸಿಲಿನ್ ಇನ್ನೂ ಬಳಕೆಗೆ ಬಾರದ ಕಾಲದ ಈ ಸಾಧನೆ, ಬಡ ಆಸ್ಪತ್ರೆಗೆ ಎಲ್ಲಕ್ಕಿಂತ ಹೆಚ್ಚು ಧೈರ್ಯ ಕೊಡತಕ್ಕುದು.

ಅನಂತರ ಬಂದುದು ಪ್ರತಿಜೀವಕಗಳ ಯುಗ. 1974ರಲ್ಲಿ ಪಟ್ಜಾಕಿಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಔಷಧವಿಲ್ಲದವರಲ್ಲಿ ಶೇಕಡಾ 13.9ರಷ್ಟಿದ್ದ ಸೋಂಕು ಸೆಫಲೋಥಿನ್ ಪಡೆದವರಲ್ಲಿ 2.3ಕ್ಕೆ ಇಳಿದಿದ್ದಿತು. 1976ರಲ್ಲಿ ಗಸ್ಟಿಲೋ ಮತ್ತು ಆಂಡರ್ಸನ್ 1,025 ಮುರಿತಗಳ ಆಧಾರದ ಮೇಲೆ ಗಾಯಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ತೀವ್ರ ಗಾಯಗಳಲ್ಲಿ ಈ ವಿಂಗಡಣೆ ಸಾಲದೆಂಬುದನ್ನು ಮನಗಂಡು ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ರಾಜಶೇಖರನ್ ಮತ್ತು ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದ ಅಂಕಪದ್ಧತಿ ಚರ್ಮ, ಮೂಳೆ, ಸ್ನಾಯುನರಗಳನ್ನು ಬೇರೆಬೇರೆಯಾಗಿ ಅಳೆಯುತ್ತದೆ. ಮೊತ್ತ 14ನ್ನು ಮೀರದಿದ್ದರೆ ಅಂಗವನ್ನು ಉಳಿಸಬಹುದು, 17ನ್ನು ಮುಟ್ಟಿದರೆ ಸಾಮಾನ್ಯವಾಗಿ ಛೇದನವೇ ಗತಿ. ಶಸ್ತ್ರಕ್ರಿಯೆ ಆರು ಗಂಟೆಗಳೊಳಗೇ ಆಗಬೇಕೆಂಬ ಹಳೆಯ ನಿಯಮಕ್ಕೆ ಆಧಾರವಾದುದು 1898ರಲ್ಲಿ ಫ್ರೀಡ್ರಿಖ್ ಗಿನಿಹಂದಿಗಳ ಮೇಲೆ ನಡೆಸಿದ ಪ್ರಯೋಗ. ಇತ್ತೀಚಿನ ಅಧ್ಯಯನಗಳು ಆ ಗಡಿಗಿಂತಲೂ ಪ್ರತಿಜೀವಕವನ್ನು ಬೇಗನೆ ಕೊಡುವುದಕ್ಕೂ ಗಾಯವನ್ನು ಸಮಗ್ರವಾಗಿ ಶುದ್ಧಿಮಾಡುವುದಕ್ಕೂ ಹೆಚ್ಚು ಬೆಲೆಕೊಡುತ್ತವೆ. ಭಾರತದ ಆಸ್ಪತ್ರೆಗಳೂ ಪಾಲ್ಗೊಂಡ, 2015ರಲ್ಲಿ ಪ್ರಕಟವಾದ ವಿಸ್ತೃತ ಪರೀಕ್ಷೆಯಂತೂ, ಗಾಯವನ್ನು ತೊಳೆಯಲು ದುಬಾರಿಯ ಒತ್ತಡಯಂತ್ರ ಬೇಡ, ಸಾಬೂನೂ ಬೇಡ, ಮೆಲ್ಲನೆ ಹರಿಯುವ ಸಲೈನೇ ಸಾಕೆಂದು ತೋರಿಸಿತು.

ಈ ಇತಿಹಾಸವನ್ನು ಚಿಕ್ಕಬಳ್ಳಾಪುರ ಜಿಲ್ಲೆಗೆ ಅನ್ವಯಿಸಿ ನೋಡೋಣ. ಸುಮಾರು 60ರಿಂದ 100 ಕಿಲೋಮೀಟರಿನಾಚೆಯ ಬೆಂಗಳೂರಿಗೆ ಗಾಯಾಳುವನ್ನು ಒಯ್ಯಲು 2008ರಿಂದ 108 ಆಂಬುಲೆನ್ಸ್ ಉಂಟು. 2023ರಲ್ಲಿ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿಯೇ ವೈದ್ಯಕೀಯ ಕಾಲೇಜೊಂದು ತೆರೆದಿದೆ. ಆದರೆ ಚರ್ಮಮಾಂಸಗಳನ್ನು ಕಸಿಮಾಡುವ ನಿಪುಣನೂ, ರಾಡು ಹಾಕುವಾಗ ಮೂಳೆಯನ್ನು ತೋರಿಸುವ ಯಂತ್ರವೂ ಎಲ್ಲೆಡೆ ದೊರೆಯುವಂತಿಲ್ಲವಾದುದರಿಂದ, ಗಾಯಾಳುವಿನ ಭವಿಷ್ಯವನ್ನು ನಿರ್ಣಯಿಸುವುದು ಆತ ಮೊದಲು ತಲುಪುವ ತಾಲ್ಲೂಕು ಆಸ್ಪತ್ರೆಯೇ. ಅಲ್ಲಿ ರಕ್ತಸ್ರಾವವನ್ನು ನಿಲ್ಲಿಸಿ, ನಾಡಿ ನೋಡಿ, ಒಂದು ಗಂಟೆಯೊಳಗೆ ಪ್ರತಿಜೀವಕವನ್ನೂ ಧನುರ್ವಾಯುವಿನ ಚುಚ್ಚುಮದ್ದನ್ನೂ ಕೊಟ್ಟು, ಕಣ್ಣಿಗೆ ಕಾಣುವ ಕಸವನ್ನು ತೆಗೆದು, ಸಲೈನಿನಲ್ಲಿ ಅದ್ದಿದ ಪಟ್ಟಿಯಿಂದ ಮುಚ್ಚಿ, ಹಲಗೆ ಕಟ್ಟಿ, ಮುಂದಿನ ವೈದ್ಯರು ಮತ್ತೆ ಬಿಚ್ಚದಿರಲೆಂದು ಮೊಬೈಲಿನಲ್ಲಿ ಗಾಯದ ಚಿತ್ರ ತೆಗೆದು ಕಳುಹಿಸುವುದಕ್ಕೆ ಅಪಾರ ಧನವೇನೂ ಬೇಕಿಲ್ಲ. ಅಂಥ ಗಾಯವನ್ನು ಅಂದೇ ಹೊಲಿದು ಮುಚ್ಚುವ ಆತುರವೂ, ಕಟ್ಟು ಹಾಕಿಸಲು ಗಡಿ ದಾಟುವ ಅಭ್ಯಾಸವೂ ತೊಲಗಬೇಕು. ಲೋಹದ ರಾಡು ನಾಳೆಗೆ ಕಾಯಬಲ್ಲುದು, ಶುದ್ಧಿ ಕಾಯಲಾರದು. ಆದುದರಿಂದ ಜಿಲ್ಲೆಯ ಆರೋಗ್ಯದ ಹೊಣೆಹೊತ್ತವರು ಮೊದಲು ವ್ಯಯಮಾಡಬೇಕಾದುದು ತಾಲ್ಲೂಕು ಆಸ್ಪತ್ರೆಯ ಈ ಮೊದಲ ಗಂಟೆಯ ಕೆಲಸಕ್ಕೆ.