ರಾಕ್ ಸಂಗೀತದ ಛಾಯಾಚಿತ್ರಗಳು: ಮಾತೃಕೆಯೂ ಪ್ರತಿಯೂ

ಗ್ರಂಥಸಂಪಾದಕನಿಗೆ ಮಾತೃಕೆಯು ಎಂತಹುದೋ ಛಾಯಾಚಿತ್ರಗಳ ಚರಿತ್ರಕಾರನಿಗೆ ನೆಗೆಟಿವ್ ಅಂತಹುದು. ಅದು ಯಾರ ಕೈಯಲ್ಲಿ ಉಳಿಯಿತೆಂಬುದನ್ನು ಮೊದಲು ವಿಚಾರಿಸಬೇಕು.

1956ರಲ್ಲಿ ಅಮೆರಿಕದ ಆರ್‌ಸಿಎ ವಿಕ್ಟರ್ ಎಂಬ ಧ್ವನಿಮುದ್ರಣ ಸಂಸ್ಥೆಯವರು ಎಲ್ವಿಸ್ ಪ್ರೀಸ್ಲಿಯೆಂಬ 21 ವರ್ಷದ ಗಾಯಕನ ಪ್ರಚಾರಾರ್ಥವಾಗಿ ಆಲ್ಫ್ರೆಡ್ ವರ್ತೈಮರನನ್ನು ನಿಯಮಿಸಿದರು. ಆತನು ರಂಗದ ಮೇಲಲ್ಲದೆ ರೈಲಿನಲ್ಲಿಯೂ ಮನೆಯಲ್ಲಿಯೂ ಗಾಯಕನ ಚಿತ್ರಗಳನ್ನು ತೆಗೆದನು. ಬಹುಕಾಲ ಅವನ್ನು ಕೇಳುವವರಿರಲಿಲ್ಲ. 1977ರಲ್ಲಿ ಗಾಯಕನು ತೀರಿಕೊಂಡ ಮೇಲೆ ಲೋಕವು ಹುಡುಕಿಕೊಂಡು ಬಂದಿತು. ನೆಗೆಟಿವ್‌ಗಳು ಚಿತ್ರಗ್ರಾಹಕನಲ್ಲಿಯೇ ಉಳಿದಿದ್ದುದರಿಂದ 2010ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಭಾವಚಿತ್ರಶಾಲೆಯಲ್ಲಿ ಅವು ಪ್ರದರ್ಶಿತವಾದವು. 1967ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆಯನ್ನು ಸೇರಿದ ಬ್ಯಾರನ್ ವೂಲ್ಮನ್ನನಂತೂ ವೇತನವನ್ನು ಬಿಟ್ಟು ಚಿತ್ರಗಳ ಹಕ್ಕನ್ನು ತನ್ನಲ್ಲಿರಿಸಿಕೊಂಡನು. ನಮ್ಮ ಲಿಪಿಕಾರರಿಗೆ ಈ ವ್ಯವಹಾರಜ್ಞಾನವಿದ್ದಂತೆ ತೋರದು!

2009ರಲ್ಲಿ ಬ್ರೂಕ್ಲಿನ್ ವಸ್ತುಸಂಗ್ರಹಾಲಯದಲ್ಲಿ ಗೇಲ್ ಬಕ್‌ಲ್ಯಾಂಡ್ ಎಂಬ ವಿದುಷಿಯು ಏರ್ಪಡಿಸಿದ ಪ್ರದರ್ಶನವು ಗಾಯಕರಿಗಿಂತ ಚಿತ್ರಗ್ರಾಹಕರನ್ನೇ ಮುಂದಿಟ್ಟಿತು. ಇದು ಯುಕ್ತವೇ ಸರಿ. ಆದರೆ ಕರ್ತೃವಿನ ಹೆಸರನ್ನು ತಿಳಿದಮಾತ್ರಕ್ಕೆ ಪಾಠನಿರ್ಣಯವಾಗದು. 1979ರಲ್ಲಿ ನ್ಯೂಯಾರ್ಕಿನ ಪಲ್ಲಾಡಿಯಂ ರಂಗಶಾಲೆಯಲ್ಲಿ ದಿ ಕ್ಲಾಷ್ ತಂಡದ ಪಾಲ್ ಸೈಮನನ್ ತನ್ನ ವಾದ್ಯವನ್ನು ನೆಲಕ್ಕಪ್ಪಳಿಸಿದ ಕ್ಷಣವನ್ನು ಪೆನ್ನಿ ಸ್ಮಿತ್ ಸೆರೆಹಿಡಿದಳು. ಚಿತ್ರವು ಅಸ್ಫುಟವೆಂದು ಆಕೆಯೇ ಬೇಡವೆಂದರೂ ತಂಡದವರು ಅದನ್ನೇ ‘ಲಂಡನ್ ಕಾಲಿಂಗ್’ ಧ್ವನಿತಟ್ಟೆಯ ಹೊದಿಕೆಗೆ ಆರಿಸಿದರು. ಕರ್ತೃವು ತಳ್ಳಿದ ಪಾಠವೇ ರೂಢವಾಯಿತು. ಚೌಕಟ್ಟು ಹಾಕಿದ ಒಂದೇ ಪ್ರತಿಯನ್ನು ಕೊಳ್ಳುವ ಸಂಗ್ರಾಹಕನಿಗೆ ಇದು ಗೋಚರಿಸದು. ಸುರುಳಿಯ ಚಿತ್ರಗಳನ್ನೆಲ್ಲ ಒಟ್ಟಿಗೆ ಅಚ್ಚೊತ್ತಿದ ಕಾಂಟ್ಯಾಕ್ಟ್ ಹಾಳೆಯನ್ನೂ ಪಕ್ಕದಲ್ಲಿ ತೂಗಿಸಿದಲ್ಲಿ, ಉಳಿದ ಪಾಠಾಂತರಗಳು ನೋಡುವವರ ಕಣ್ಣಿಗೆ ಬೀಳುವುವು.