ಅಪರಾಧಿ ಬುಡಕಟ್ಟುಗಳ ಶಾಸನವೂ ಅದರ ಶೇಷವೂ

ದಂಡವು ಕೃತ್ಯಕ್ಕೆ ಸಲ್ಲತಕ್ಕದ್ದೇ ಹೊರತು ಕುಲಕ್ಕೆ ಸಲ್ಲತಕ್ಕದ್ದಲ್ಲವೆಂಬುದು ಆಧುನಿಕ ನ್ಯಾಯಪದ್ಧತಿಯ ಮೊದಲನೆಯ ಪಾಠ. ಕೃತ್ಯವು ನಡೆದಿರಬೇಕು, ಅದಕ್ಕೆ ಸಾಕ್ಷ್ಯವಿರಬೇಕು, ಆರೋಪಿತನಿಗೆ ತನ್ನ ಮಾತನ್ನು ಹೇಳಿಕೊಳ್ಳಲು ಅವಕಾಶವಿರಬೇಕು, ದಂಡನೆಯು ಅದರ ಅನಂತರದ ಮಾತು. ನಮ್ಮ ದೇಶದಲ್ಲಿ ಎಂಬತ್ತು ವರ್ಷಗಳಿಗೂ ಮೇಲ್ಪಟ್ಟು ಈ ಕ್ರಮವು ಲಕ್ಷಾಂತರ ಜನರ ವಿಷಯದಲ್ಲಿ ತಲೆಕೆಳಗಾಗಿದ್ದಿತು. ಅದಕ್ಕೆ ಮೂಲವಾದುದು 1871ರಲ್ಲಿ ಬ್ರಿಟಿಷ್ ಸರಕಾರವು ಹೊರಡಿಸಿದ ಅಪರಾಧಿ ಬುಡಕಟ್ಟುಗಳ ಶಾಸನ.

ಈ ಶಾಸನವು ಮೊದಲು ಉತ್ತರ ಹಿಂದೂಸ್ಥಾನಕ್ಕೂ, 1876ರಲ್ಲಿ ಬಂಗಾಳಕ್ಕೂ, 1911ರಲ್ಲಿ ಇಡೀ ಬ್ರಿಟಿಷ್ ಇಂಡಿಯಕ್ಕೂ ಅನ್ವಯಿಸಲ್ಪಟ್ಟು, 1924ರಲ್ಲಿ ಮತ್ತೊಮ್ಮೆ ಕ್ರೋಡೀಕೃತವಾಯಿತು. ಒಂದು ಪಂಗಡವು ಅಪರಾಧದಲ್ಲಿ ಆಸಕ್ತವಾದುದೆಂದು ಸರಕಾರವು ಘೋಷಿಸಿದರೆ, ಆ ಘೋಷಣೆಯನ್ನು ಯಾವ ನ್ಯಾಯಾಲಯವೂ ವಿಚಾರಿಸುವಂತಿರಲಿಲ್ಲ. ಪಂಗಡದವರ ಹೆಸರುಗಳು ರಿಜಿಸ್ಟರಿನಲ್ಲಿ ದಾಖಲಾಗುತ್ತಿದ್ದವು, ಬೆರಳೊತ್ತುಗಳನ್ನು ಪಡೆಯಲಾಗುತ್ತಿದ್ದಿತು, ನಿಗದಿಯಾದ ಹೊತ್ತಿಗೆ ಹಾಜರಿಯನ್ನು ಕೊಡಬೇಕಾಗಿದ್ದಿತು, ಪಾಸು ಇಲ್ಲದೆ ಗೊತ್ತಾದ ಎಲ್ಲೆಯನ್ನು ದಾಟುವುದೇ ಒಂದು ಅಪರಾಧವಾಗಿದ್ದಿತು. ಕಳವಿಗೆ ಹೊರಟಂತೆ ಕಂಡರೂ ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ 1924ರ ಶಾಸನವು ದಾರಿಮಾಡಿದ್ದಿತು.

ಹೀಗೆ ಗುರುತಿಸಲ್ಪಟ್ಟವರು ಯಾರು? ಬಹುಮಟ್ಟಿಗೆ ಅಲೆಮಾರಿಗಳು. ಕನ್ನಡನಾಡಿನ ಕೊರಚರೂ ಲಂಬಾಣಿಗಳೂ ಕತ್ತೆ ಎತ್ತುಗಳ ಮೇಲೆ ಉಪ್ಪನ್ನೂ ಧಾನ್ಯವನ್ನೂ ಹೇರಿಕೊಂಡು ಊರೂರಿಗೆ ಮುಟ್ಟಿಸುತ್ತಿದ್ದವರು. ಸರಕಾರದ ಉಪ್ಪಿನ ನೀತಿಯೂ ರೈಲುದಾರಿಯೂ ಆ ವ್ಯಾಪಾರವನ್ನು ಕಸಿದುಕೊಂಡವು. ಅರಣ್ಯದ ಕಾಯಿದೆಗಳು ಹುಲ್ಲು, ಬಿದಿರು, ಈಚಲುಗಳಿಗೂ ಅಡ್ಡಬಂದವು. ಜೀವನೋಪಾಯವನ್ನು ಕಳೆದುಕೊಂಡವನು ನಿಯತವಾದ ಉದ್ಯೋಗವಿಲ್ಲದವನೆಂದು ಶಂಕಿತನಾದನು. ಬಡಗಿಯ ಮಗನು ಬಡಗಿಯಾಗುವಂತೆ ಕಳ್ಳನ ಮಗನು ಕಳ್ಳನಾಗುವನೆಂಬ ವಾದವನ್ನು ಆಳುವವರು ನಮ್ಮ ಜಾತಿವ್ಯವಸ್ಥೆಯಿಂದಲೇ ಎರವಲು ತೆಗೆದುಕೊಂಡರು; ನೆಲೆಯೂರಿದ ಗ್ರಾಮಸ್ಥರಲ್ಲಿ ಬಹಳ ಮಂದಿ ಅದನ್ನು ಅಲ್ಲಗಳೆಯಲೂ ಇಲ್ಲ.

ಈ ವಾದದಲ್ಲಿ ತರ್ಕಶಾಸ್ತ್ರದವರು ಅನ್ಯೋನ್ಯಾಶ್ರಯವೆಂದು ಕರೆಯುವ ದೋಷವಿದೆ. ಈ ಜನರ ಮೇಲೆ ಕಾವಲೇಕೆ? ಅವರು ಪದೇ ಪದೇ ಶಿಕ್ಷಿತರಾಗುವುದರಿಂದ. ಪದೇ ಪದೇ ಶಿಕ್ಷಿತರಾಗುವುದೇಕೆ? ಅವರ ಮೇಲೆ ಕಾವಲಿರುವುದರಿಂದ. ಊರಿನಲ್ಲಿ ಕಳವಾದೊಡನೆ ಪೇದೆಯು ಮೊದಲು ಹೋಗುತ್ತಿದ್ದುದು ರಿಜಿಸ್ಟರಿನಲ್ಲಿದ್ದವರ ಗುಡಿಸಲಿಗೆ. ಅವನು ದುಷ್ಟನಾಗಿರಬೇಕಾದ ಅಗತ್ಯವಿರಲಿಲ್ಲ. ಕರ್ತವ್ಯನಿಷ್ಠನಾದಷ್ಟೂ ಅನ್ಯಾಯವು ಹೆಚ್ಚುತ್ತಿದ್ದಿತು. ವ್ಯಕ್ತಿಯ ದ್ವೇಷಕ್ಕೂ ಸಂಸ್ಥೆಯ ಪಕ್ಷಪಾತಕ್ಕೂ ಇರುವ ಭೇದವು ಇದೇ.

ಸುಧಾರಣೆಯ ಪ್ರಯತ್ನಗಳು ನಡೆಯಲಿಲ್ಲವೆಂದಲ್ಲ. ಮುಂಬಯಿ ಪ್ರಾಂತದಲ್ಲಿ ಸ್ಟಾರ್ಟ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಬಿಜಾಪುರ, ಹುಬ್ಬಳ್ಳಿ, ಗದಗ ಮೊದಲಾದೆಡೆಗಳಲ್ಲಿ ಸೆಟ್ಲಮೆಂಟುಗಳು ಏರ್ಪಟ್ಟವು. ಅಲ್ಲಿ ಮಕ್ಕಳಿಗೆ ಶಾಲೆಯಿದ್ದಿತು, ದೊಡ್ಡವರಿಗೆ ಕೂಲಿಯಿದ್ದಿತು. ನಡತೆಯನ್ನು ನೋಡಿ ತಂತಿಬೇಲಿಯ ಒಳಗಿನಿಂದ ಹೊರಕ್ಕೆ ಬಿಡುವ ಪದ್ಧತಿಯೂ ಇದ್ದಿತು. ಆದರೆ ಅಪರಾಧವನ್ನೇ ಮಾಡದವನೂ ಒಳ್ಳೆಯ ನಡತೆಯಿಂದ ಬಿಡುಗಡೆಯನ್ನು ಸಂಪಾದಿಸಿಕೊಳ್ಳಬೇಕಾಗಿದ್ದಿತು. ಔದಾರ್ಯವು ಬೇಲಿಯೊಳಗಿನ ಬಾಳನ್ನು ತಿದ್ದಿತು, ಬೇಲಿಯೇಕೆಂದು ಕೇಳಲಿಲ್ಲ.

ಸ್ವಾತಂತ್ರ್ಯಾನಂತರ ಆ ಪ್ರಶ್ನೆಯೂ ಬಂದಿತು. 1949ರಲ್ಲಿ ಅನಂತಶಯನಂ ಅಯ್ಯಂಗಾರರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯು ನೇಮಕವಾಯಿತು. 1952ರ ಆಗಸ್ಟ್ 31ರಂದು ಶಾಸನವು ರದ್ದಾಯಿತು. ಆ ಪಂಗಡಗಳಿಗೆ ವಿಮುಕ್ತರೆಂಬ ಹೆಸರು ಬಂದಿತು. ಆದರೆ ಮದರಾಸಿನಲ್ಲಿ 1948ರಲ್ಲಿಯೂ, ಮೈಸೂರಿನಲ್ಲಿ 1961ರಲ್ಲಿಯೂ, ಇತರ ಪ್ರಾಂತಗಳಲ್ಲಿಯೂ ರೂಢಿಗತ ಅಪರಾಧಿಗಳ ಕಾಯಿದೆಗಳು ಹುಟ್ಟಿದವು. ಹೊಸ ಕಾಯಿದೆಯು ಕುಲವನ್ನು ಕೇಳದೆ ಹಿಂದಿನ ಶಿಕ್ಷೆಗಳನ್ನು ಎಣಿಸುತ್ತದೆ. ಇದು ನಿಜವಾದ ಸುಧಾರಣೆಯೇ ಸರಿ. ಆದರೆ ಆ ಶಿಕ್ಷೆಗಳಲ್ಲಿ ಎಷ್ಟೋ ಹಳೆಯ ರಿಜಿಸ್ಟರಿನ ಫಲಗಳು. ಮುಂದಿನ ಮುಂಗಾಣಿಕೆಯನ್ನು ಅವುಗಳ ಮೇಲೆ ಕಟ್ಟಿದಾಗ ಹಳೆಯ ಅನ್ಯೋನ್ಯಾಶ್ರಯವೇ ಹೊಸ ವೇಷದಲ್ಲಿ ನಿಂತಿತು.

1998ರ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯಲ್ಲಿ ಖೇಡಿಯಾ ಶಬರ ಪಂಗಡದ ಬುಧನ್ ಶಬರನು ಬಂಧನದಲ್ಲಿದ್ದಾಗ ಮೃತನಾದನು. ಅದು ಆತ್ಮಹತ್ಯೆಯೆಂದು ಹೇಳಲಾಯಿತು. ಲೇಖಕಿ ಮಹಾಶ್ವೇತಾದೇವಿಯವರ ಶ್ರಮದಿಂದ ವಿಷಯವು ಕಲ್ಕತ್ತೆಯ ಉಚ್ಚನ್ಯಾಯಾಲಯವನ್ನು ಮುಟ್ಟಿತು. ಅದೇ ವರ್ಷ ಕೇಂದ್ರದ ತನಿಖೆಗೂ ಮೃತನ ವಿಧವೆಗೆ ಪರಿಹಾರಕ್ಕೂ ಆಜ್ಞೆಯಾಯಿತು. ಶಾಸನವು ಸತ್ತು ನಲವತ್ತಾರು ವರ್ಷಗಳಾಗಿದ್ದವು. 2007ರಲ್ಲಿ ವಿಶ್ವಸಂಸ್ಥೆಯ ಜನಾಂಗಭೇದ ನಿವಾರಣಾ ಸಮಿತಿಯು ರೂಢಿಗತ ಅಪರಾಧಿಗಳ ಕಾಯಿದೆಯನ್ನು ತೆಗೆದುಹಾಕಬೇಕೆಂದು ಭಾರತಕ್ಕೆ ಸೂಚಿಸಿತು. 2024ರ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯವು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸೆರೆಮನೆಗಳ ಜಾತಿಭೇದದ ನಿಯಮಗಳನ್ನು ಅಸಿಂಧುಗೊಳಿಸಿ, ಕೈದಿಗಳ ರಿಜಿಸ್ಟರುಗಳಲ್ಲಿನ ಜಾತಿಯ ಅಂಕಣವನ್ನು ಅಳಿಸಬೇಕೆಂದೂ, ವಿಮುಕ್ತ ಪಂಗಡದವರನ್ನು ಪೋಲೀಸರು ಮನಸ್ವೇಚ್ಛೆಯಿಂದ ಬಂಧಿಸಬಾರದೆಂದೂ ಆಜ್ಞಾಪಿಸಿತು.

ನ್ಯಾಯಾಲಯದ ದೃಷ್ಟಿಯು ಕಡೆಗೆ ರಿಜಿಸ್ಟರಿನ ಮೇಲೆ ಬಿದ್ದುದು ಅರ್ಥವತ್ತಾಗಿದೆ. ಶಾಸನವನ್ನು ಶಾಸನಸಭೆಯು ಒಂದು ದಿನದಲ್ಲಿ ರದ್ದುಮಾಡಬಲ್ಲುದು; ಠಾಣೆಯ ಅಭ್ಯಾಸವು ಒಬ್ಬ ಅಧಿಕಾರಿಯಿಂದ ಮತ್ತೊಬ್ಬನಿಗೆ ಕಾಗದಗಳ ಕಟ್ಟಿನೊಡನೆ ವರ್ಗವಾಗುತ್ತದೆ. ಯಾರ ಹೆಸರು ಏಕೆ ಸೇರಿತೆಂದು ಹೊರಗಿನವರು ಪರೀಕ್ಷಿಸುವ ಹಕ್ಕೂ, ಸೇರಿಸಿದಷ್ಟೇ ಸುಲಭವಾಗಿ ಅಳಿಸುವ ವಿಧಿಯೂ ಏರ್ಪಡುವವರೆಗೆ, ವಿಮುಕ್ತನೆಂಬ ಹೆಸರು ಆ ಮನೆಗಳಿಗೆ ಬಿರುದಾಗಿರುವುದೇ ಹೊರತು ಬಿಡುಗಡೆಯಾಗಲಾರದು.