ಗ್ರಾಫ್ ಸ್ಲೈಡರ್

ವೆಬ್ ಪುಟದಲ್ಲಿರುವ ಗಣಿತದ ನಕ್ಷೆಯ ಸಮೀಕರಣದಲ್ಲಿ ಒಂದು ಸಂಖ್ಯೆಯನ್ನು ಓದುಗರೇ ಬದಲಿಸಿ ನೋಡಲು ಒದಗಿಸುವ ಎಳೆಗುಂಡಿ. ಗುಂಡಿಯನ್ನು ಮೌಸ್‌ನಿಂದಲೋ ಬೆರಳಿನಿಂದಲೋ ಎಳೆದಂತೆ ಸಂಖ್ಯೆ ಬದಲಾಗುತ್ತದೆ, ರೇಖೆ ಆ ಕ್ಷಣವೇ ಹೊಸದಾಗಿ ಮೂಡುತ್ತದೆ. ಹೀಗೆ ಬದಲಾಗುವ ಸಂಖ್ಯೆಗೆ ನಿಯತಾಂಕ ಎಂದು ಹೆಸರು. ಕಾಗದದ ಮೇಲೆ ಇದೇ ಕೆಲಸಕ್ಕೆ ಪ್ರತಿಯೊಂದು ಬೆಲೆಗೂ ಕೋಷ್ಟಕ ಹಾಕಿ, ಬಿಂದು ಗುರುತಿಸಿ, ಬೇರೆ ಬೇರೆ ನಕ್ಷೆ ಬರೆಯಬೇಕಾಗುತ್ತದೆ.

ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಆರಂಭಿಸಿದ ಜಿಯೋಜೀಬ್ರಾ ಸ್ಲೈಡರನ್ನು ಶಾಲೆಗಳಿಗೆ ತಲುಪಿಸಿದ ಮುಖ್ಯ ತಂತ್ರಾಂಶಗಳಲ್ಲೊಂದು. ಆಗ ಇಂಥ ನಕ್ಷೆಗಳು ವೆಬ್ ಪುಟದಲ್ಲಿ, ಬ್ರೌಸರಿಗೆ ಸೇರಿಸುವ ಪ್ಲಗಿನ್ ನೆರವಿನಿಂದ, ಜಾವಾ ಆಪ್ಲೆಟ್‌ಗಳಾಗಿ ಓಡುತ್ತಿದ್ದವು. 2015ರಲ್ಲಿ ಕ್ರೋಮ್, 2017ರಲ್ಲಿ ಫೈರ್‌ಫಾಕ್ಸ್ ಈ ಬಗೆಯ ಪ್ಲಗಿನ್‌ಗಳಿಗೆ ಬೆಂಬಲ ಕೈಬಿಟ್ಟಾಗ ಹಳೆಯ ಪಾಠದ ಪುಟಗಳಲ್ಲಿ ನಕ್ಷೆಯ ಜಾಗ ಬರಿದಾಯಿತು. ಅಷ್ಟರಲ್ಲಿ ಎಚ್‌ಟಿಎಂಎಲ್5 ಬ್ರೌಸರ್‌ನೊಳಗೇ ಚಿತ್ರ ಬಿಡಿಸುವ ಸೌಲಭ್ಯವನ್ನೂ ಸಿದ್ಧ ಸ್ಲೈಡರನ್ನೂ ತಂದಿತ್ತು. ಜರ್ಮನಿಯ ಬೈರಾಯ್ಟ್ ವಿಶ್ವವಿದ್ಯಾಲಯದ ಜೆಎಸ್‌ಎಕ್ಸ್‌ಗ್ರಾಫ್, 2011ರಲ್ಲಿ ಬಂದ ಡೆಸ್ಮೋಸ್ ಎರಡೂ ಪ್ಲಗಿನ್ ಬೇಡದ ಸಾಧನಗಳು. ಡೆಸ್ಮೋಸ್‌ನಲ್ಲಿ ಸಮೀಕರಣಕ್ಕೆ ಬೆಲೆಯಿಲ್ಲದ ಅಕ್ಷರವೊಂದನ್ನು ಸೇರಿಸಿದರೆ ಸಾಕು, ಸ್ಲೈಡರ್ ಬೇಕೇ ಎಂದು ಅದೇ ಕೇಳುತ್ತದೆ. ಮೊದಲಿಗೆ ಕೊಡುವ ವ್ಯಾಪ್ತಿ −10ರಿಂದ 10. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಗಣಿತ ಶಿಕ್ಷಕರಿಗೆ 2010ರ ದಶಕದಲ್ಲಿ ನಡೆದ ತರಬೇತಿಗಳಲ್ಲಿ ಜಿಯೋಜೀಬ್ರಾ ಸೇರಿತ್ತು. 2021ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಶಿಕ್ಷಣ ತಂತ್ರಜ್ಞಾನ ಕಂಪನಿ ಬೈಜೂಸ್ ಜಿಯೋಜೀಬ್ರಾವನ್ನು ಕೊಂಡುಕೊಂಡಿತು.

ಬ್ರೌಸರಿನ ಸಿದ್ಧ ಸ್ಲೈಡರನ್ನು ಪುಟಕ್ಕೆ ಜೋಡಿಸಲು ಮೂರು ಸಂಖ್ಯೆ ಬೇಕು: ಕನಿಷ್ಠ, ಗರಿಷ್ಠ, ಒಂದು ಹೆಜ್ಜೆಯ ಅಳತೆ. ಯಾವುದನ್ನೂ ಹೇಳದಿದ್ದರೆ ಬ್ರೌಸರ್ 0ರಿಂದ 100ರವರೆಗೆ ಒಂದೊಂದರಂತೆ ಏರಿಸುತ್ತದೆ. ಸ್ಲೈಡರಿನಿಂದ ಬರುವ ಬೆಲೆ ಸಂಖ್ಯೆಯಲ್ಲ, ಪಠ್ಯ. ಅದನ್ನು ಸಂಖ್ಯೆಯಾಗಿ ಪರಿವರ್ತಿಸದೆ ಕೂಡಿದರೆ 2ಕ್ಕೆ 1 ಸೇರಿ 21 ಆಗುತ್ತದೆ! ಗುಂಡಿ ಎಳೆಯುತ್ತಿರುವಾಗಲೇ ರೇಖೆ ಚಲಿಸಬೇಕೋ, ಬಿಟ್ಟ ಮೇಲೆ ಚಲಿಸಿದರೆ ಸಾಕೋ ಎಂಬುದನ್ನೂ ಪುಟ ಬರೆಯುವವರೇ ನಿರ್ಧರಿಸಬೇಕು. ಬಿಟ್ಟ ಮೇಲೆ ಚಲಿಸುವ ನಕ್ಷೆಯಲ್ಲಿ ಸ್ಲೈಡರಿನ ಅರ್ಧ ಪ್ರಯೋಜನ ಕಳೆದಂತೆಯೇ.

ಇವೆಲ್ಲ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದ ಸಂಗತಿಗಳು. ನಿಜವಾದ ಕೌಶಲ ಬೇಕಾಗುವುದು ಏನನ್ನು ಚಲಿಸಲು ಬಿಡಬೇಕು, ಏನನ್ನು ಹಿಡಿದಿಡಬೇಕು ಎಂಬಲ್ಲಿ. ಸೈನ್ ತರಂಗದ ಎತ್ತರಕ್ಕೆ ಸ್ಲೈಡರ್ ಕೊಟ್ಟು, ಅಕ್ಷಗಳ ಅಳತೆ ತಾನಾಗಿ ಹೊಂದಿಕೊಳ್ಳಲು ಬಿಟ್ಟರೆ ತರಂಗ ಕದಲಿದಂತೆ ಕಾಣುವುದೇ ಇಲ್ಲ. ಪಕ್ಕದ ಅಂಕಿಗಳಷ್ಟೇ ಬದಲಾಗುತ್ತವೆ. ಆದ್ದರಿಂದ ಅಕ್ಷಗಳನ್ನು ಸ್ಥಿರವಾಗಿಡಬೇಕು. 0.001ರಿಂದ 1000ದವರೆಗಿನ ವ್ಯಾಪ್ತಿಯನ್ನು ಸಮನಾದ ಹೆಜ್ಜೆಗಳಲ್ಲಿ ಹಂಚಿದರೆ ಒಂದಕ್ಕಿಂತ ಸಣ್ಣ ಬೆಲೆಗಳೆಲ್ಲ ಎಡತುದಿಯಲ್ಲಿ ಮುದುಡಿಕೊಳ್ಳುತ್ತವೆ. ಅಲ್ಲಿ ಲಾಗರಿತಮ್ ಅಳತೆಯ ಸ್ಲೈಡರೇ ಸರಿ. ಗುಂಡಿಯನ್ನು ಕೀಲಿಮಣೆಯ ಬಾಣದ ಕೀಲಿಗಳಿಂದಲೂ ಸರಿಸಲು ಬರಬೇಕು. ಬ್ರೌಸರಿನ ಸಿದ್ಧ ಸ್ಲೈಡರಿನಲ್ಲಿ ಈ ಅನುಕೂಲ ಮೊದಲೇ ಇರುತ್ತದೆ.

ಸ್ಲೈಡರಿನ ಬಲ ಚೆನ್ನಾಗಿ ಕಾಣುವುದು ವರ್ಗ ಸಮೀಕರಣದಲ್ಲಿ. ವೈ = ಎ ಎಕ್ಸ್² + ಬಿ ಎಕ್ಸ್ + ಸಿ ಎಂಬ ಪರವಲಯದಲ್ಲಿ ಸಿ ಬದಲಿಸಿದರೆ ರೇಖೆ ಮೇಲೆ ಕೆಳಗೆ ಸರಿಯುತ್ತದೆ; ಎ ಬದಲಿಸಿದರೆ ಅಗಲವಾಗುತ್ತದೆ ಇಲ್ಲವೇ ಕಿರಿದಾಗುತ್ತದೆ, ಸೊನ್ನೆಯ ಬಳಿ ಸರಳರೇಖೆಯಾಗಿ ದಾಟಿ ಮಗುಚುತ್ತದೆ. ಬಿ ಬದಲಿಸಿದರೆ ರೇಖೆ ಪಕ್ಕಕ್ಕೆ ಜರುಗುತ್ತದೆಂದು ಹೆಚ್ಚಿನವರು ಎಣಿಸುತ್ತಾರೆ. ಎಳೆದು ನೋಡಿದರೆ ಶೃಂಗ ನೇರವಾಗಿ ಸಾಗದೆ ಬಾಗಿದ ಹಾದಿ ಹಿಡಿಯುತ್ತದೆ, ಮತ್ತು ಆ ಹಾದಿಯೂ ಒಂದು ಪರವಲಯ: ವೈ = ಸಿ − ಎ ಎಕ್ಸ್². ಪುಸ್ತಕದಲ್ಲಿ ಅಚ್ಚಾದ ಒಂದೇ ಚಿತ್ರದಿಂದ ಇದು ಹೊಳೆಯುವುದು ಕಷ್ಟ.

ಆದರೂ ಸ್ಲೈಡರ್ ಸಾಧನೆಯ ಬದಲಿಗೆ ನಿಲ್ಲಲಾರದು. ವೈ = ಎಕ್ಸ್² − ಬಿ ಎಕ್ಸ್ + 2 ಎಂಬ ಪರವಲಯಕ್ಕೆ 0.1ರ ಹೆಜ್ಜೆಯ ಸ್ಲೈಡರ್ ಕೊಟ್ಟರೆ, ಬಿ 2.8 ಇದ್ದಾಗ ರೇಖೆ ಎಕ್ಸ್ ಅಕ್ಷವನ್ನು ಮುಟ್ಟುವುದಿಲ್ಲ, 2.9 ಆದಾಗ ಎರಡು ಕಡೆ ಕತ್ತರಿಸುತ್ತದೆ. ಒಂದೇ ಬಿಂದುವಿನಲ್ಲಿ ಮುಟ್ಟುವ ಬೆಲೆ 8ರ ವರ್ಗಮೂಲ. ಅದು ಅಭಾಗಲಬ್ಧ ಸಂಖ್ಯೆಯಾದ್ದರಿಂದ ದಶಮಾಂಶದ ಹೆಜ್ಜೆ ಎಷ್ಟು ಸಣ್ಣದಿದ್ದರೂ ಗುಂಡಿ ಅಲ್ಲಿ ನಿಲ್ಲುವುದಿಲ್ಲ. ಸಮೀಕರಣದ ಶೋಧಕವನ್ನು (ಇಲ್ಲಿ ಬಿ² − 8) ಸೊನ್ನೆಗೆ ಸಮ ಮಾಡಿಯೇ ಅದನ್ನು ಪಡೆಯಬೇಕು.